ಕಾಲೇಜಿಗೆ ಕೊಟ್ಟ ವೀಳ್ಯ

‘ನಮ್ದು ಮಾತು ಅಂದ್ರೆ ಮಾತು’ ಎಂದು ಅಲ್ಲಾಳಸಂದ್ರದ ಬಾಲರಾಜು ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಾರೆಂದರೆ, ಕೊಟ್ಟ ಬೇರೆ ಮಾತುಗಳನ್ನು ನಡೆಸಿಕೊಡಲು ಅವರಿಗೆ ಪುರುಸೊತ್ತೇ ಸಿಗುವುದಿಲ್ಲ.

ಯಲಹಂಕಕ್ಕೆ ತನ್ನದೇ ನಗರಸಭೆ ಇದ್ದ ಕಾಲದಲ್ಲಿ ಅವರು ಒಂದು ಸಲ ಚುನಾವಣೆಗೆ ನಿಂತು ಸೋತರು. ಗೆದ್ದವನ ಹೆಸರನ್ನು ಊರು ಎಂದೋ ಮರೆತಿದೆ. ಸೋತ ಬಾಲರಾಜು ಮಾತ್ರ ಇವತ್ತಿಗೂ ‘ಮೆಂಬರ್’. ತಂದೆ ಲಕ್ಕಣ್ಣ ರಾಗಿ ಬೆಳೆಯುತ್ತಿದ್ದ ಹೊಲ ಈಗ ಲೇಔಟ್ ಆಗಿದೆ. ಸೈಟು ಮಾರಿದ ದುಡ್ಡಲ್ಲಿ ಕಟ್ಟಿಸಿದ ಮನೆಗಳ ಬಾಡಿಗೆ ತಾನಾಗಿ ಬರುತ್ತದೆ. ಹಾಗಾಗಿ ಮೆಂಬರ್‌ಗೆ ಬೆಳಿಗ್ಗೆ ಕೆರೆ ಸುತ್ತ ವಾಕಿಂಗ್, ಆಮೇಲೆ ಮನೆ ಮುಂದಿನ ಕುರ್ಚಿ, ಬಂದವರಿಗೆ ಭರವಸೆ, ಇಷ್ಟೇ ಕೆಲಸ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ನು ಇರುತ್ತದೆ. ಅದು ಬರೆಯುವುದಿಲ್ಲ. ಬರೆಯದಿರುವುದರಲ್ಲೂ ಒಂದು ಅನುಕೂಲವಿದೆ. ಯಾರಾದರೂ ‘ಇಲ್ಲೊಂದು ಸೈನ್ ಹಾಕಿ ಅಣ್ಣ’ ಎಂದರೆ ಪೆನ್ನು ಕೊಡವಿ ತೋರಿಸಿ, ನಾಳೆ ಬನ್ನಿ ಎನ್ನಬಹುದು.

ಇಂಥ ಬಾಲರಾಜು ಅವರ ಮಗಳು ನಯನಾ ಕೃಷಿಯಲ್ಲಿ ಪದವಿ ಮುಗಿಸಿದಳು. ಮುಂದೆ ಅವಳಿಗೆ ಬೇಕಾಗಿದ್ದದ್ದು ಒಂದೇ: ಹೆಬ್ಬಾಳದ ಆಚೆಯ ಸರ್ಕಾರಿ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ವಿಜ್ಞಾನದ ಎಂ.ಎಸ್ಸಿ. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಅವಳು ಕಾಯಲು ಸಿದ್ಧಳಿದ್ದಳು. ಕಾಯಲಾಗದೆ ಹೋದದ್ದು ತಂದೆಗೆ. ಕೆರೆ ಏರಿಯ ಮೇಲೆ ಸಿಕ್ಕವರೆಲ್ಲ ‘ಮಗಳು ಈಗ ಏನ್ಮಾಡ್ತಿದಾಳೆ ಮೆಂಬರ್ರೇ’ ಎಂದು ಕೇಳುತ್ತಿದ್ದರು. ‘ಕಾಯ್ತಿದಾಳೆ’ ಎಂಬುದು ಮೆಂಬರ್ ಹೇಳುವಂಥ ಉತ್ತರವಲ್ಲ.

ಕೊನೆಗೆ ಏರ್‌ಪೋರ್ಟ್ ರಸ್ತೆಯ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೃಷಿ ವ್ಯಾಪಾರದ ಎಂ.ಬಿ.ಎ.ಗೆ ಸೇರಿಸುವುದೆಂದು ತೀರ್ಮಾನವಾಯಿತು. ನಯನಾ ಒಪ್ಪಿದಳು. ಸೇರುವ ದಿನ ಬಾಲರಾಜು ಒಂದು ಸ್ಟೀಲ್ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಜುಟ್ಟು ಬಿಟ್ಟ ತೆಂಗಿನಕಾಯಿ ಜೋಡಿಸಿಕೊಂಡು ಕಾರು ಹತ್ತಿದರು. ಮಗಳು ಏನೆಂದು ಕೇಳಿದ್ದಕ್ಕೆ, ಒಂದು ಮನೆಗೆ ಹುಡುಗಿಯನ್ನು ಒಪ್ಪಿಸುವಾಗ ಬರಿಗೈಯಲ್ಲಿ ಹೋಗುವ ವಂಶ ನಮ್ಮದಲ್ಲ ಎಂದರು.

ವಿಭಾಗದ ಮುಖ್ಯಸ್ಥೆ ಲುಬ್ನಾ ಮೇಡಂ. ಅವರ ಕೋಣೆಯಲ್ಲಿ ಬೇರೆ ತಂದೆತಾಯಂದಿರೂ ಕೂತಿದ್ದರು. ಕೇಳುವವರಿದ್ದಾರೆಂದರೆ ಬಾಲರಾಜು ಅವರಿಗೆ ಮಾತು ಉಕ್ಕುತ್ತದೆ. ತಮ್ಮ ಮನೆತನ, ಅದರ ನಡೆನುಡಿ, ಲಕ್ಕಣ್ಣನವರು ಒಂದು ಸಲ ಹ್ಞೂಂ ಎಂದರೆ ಮತ್ತೆ ಅದು ಊಹೂಂ ಆಗುತ್ತಿರಲಿಲ್ಲವೆಂಬುದು, ಎಲ್ಲವನ್ನೂ ವಿವರಿಸಿ, ‘ಇನ್ಮೇಲೆ ಇವ್ಳು ನಿಮ್ಮ ಮನೆ ಹುಡುಗಿ’ ಎಂದು ತಟ್ಟೆ ಮುಂದೆ ಹಿಡಿದರು. ಲುಬ್ನಾ ಮೇಡಂ ಎದ್ದು ನಿಂತು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು, ತೆಂಗಿನಕಾಯಿ ಉರುಳದಂತೆ ಕಂಪ್ಯೂಟರಿಗೆ ಒರಗಿಸಿಟ್ಟರು. ನಯನಾ ಕಿಟಕಿಯ ಹತ್ತಿರ ಹೋಗಿ, ಅಲ್ಲಿದ್ದ ಹೂಕುಂಡದಲ್ಲಿ ಮುಖ ಮುಚ್ಚಿಕೊಳ್ಳುವಷ್ಟು ಬಗ್ಗಿ ನಿಂತಿದ್ದಳು.

ಎರಡು ವಾರ ತರಗತಿಗಳು ನಡೆದವು. ನಯನಾಳಿಗೆ ಇಬ್ಬರು ಗೆಳತಿಯರಾದರು, ಲುಬ್ನಾ ಮೇಡಂ ಪಾಠವೂ ಹಿಡಿಸಿತು. ಹೀಗೇ ಎಲ್ಲವೂ ಒಂದು ದಾರಿಗೆ ಬಿತ್ತು ಎನ್ನುವಾಗ, ಒಂದು ಮಧ್ಯಾಹ್ನ ತಂದೆ ಮಗಳು ಊಟಕ್ಕೆ ಕೂತಿದ್ದಾಗ ಅವಳ ಮೊಬೈಲು ಗುಂಯ್ ಎಂದಿತು. ಅವಳು ಮುರಿದ ಮುದ್ದೆಯನ್ನು ಸಾರಿನಲ್ಲೇ ಬಿಟ್ಟಳು.

“ಕೊನೇ ಲಿಸ್ಟ್ ಬಿಟ್ಟಿದಾರೆ. ಮಣ್ಣು ವಿಜ್ಞಾನದಲ್ಲಿ ನನ್ ಹೆಸ್ರಿದೆ ಅಪ್ಪ.”

ನಾಳೆ ಸಂಜೆ ಐದರೊಳಗೆ ಮೂಲ ಅಂಕಪಟ್ಟಿಗಳನ್ನು ಅಲ್ಲಿ ಒಪ್ಪಿಸಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ. ಅಂಕಪಟ್ಟಿಗಳು ಇದ್ದದ್ದು ಲುಬ್ನಾ ಮೇಡಂ ಹತ್ತಿರ. ಅವನ್ನು ಬಿಡಿಸಿಕೊಳ್ಳಬೇಕಾದರೆ ತಂದೆಯೋ ತಾಯಿಯೋ ಖುದ್ದಾಗಿ ಹೋಗಿ ಸಹಿ ಹಾಕಬೇಕು. ತಾಯಿ ಒಂದು ಮದುವೆಗೆಂದು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದಳು, ಬರುವುದು ನಾಡಿದ್ದು. ಉಳಿದವರು ಬಾಲರಾಜು.

ಬಾಲರಾಜು ಕೈ ತೊಳೆದು ಬಂದು, ಅದು ಆಗದ ಮಾತು ಎಂದರು. ಕಟ್ಟಿದ ಫೀಸಿನ ಚಿಂತೆ ಅವರಿಗಿರಲಿಲ್ಲ, ಹೋದರೆ ಹೋಗಲಿ. ಆದರೆ ವೀಳ್ಯ ಕೊಟ್ಟಾಗಿದೆ. ವೀಳ್ಯ ಕೊಟ್ಟ ಮೇಲೆ ಇನ್ನೊಂದು ಸಂಬಂಧ ಚೆನ್ನಾಗಿದೆ ಅಂತ ಅತ್ತ ತಿರುಗಿದರೆ ನಾಲ್ಕು ಜನ ಏನಂದಾರು?

“ಅಪ್ಪ, ಅದು ಕಾಲೇಜು. ನಾನೇನು ಅದನ್ನ ಮದ್ವೆ ಆಗ್ತಿಲ್ಲ.”

“ಆಯ್ತು, ಮಣ್ಣು ಓದಿ ಏನ್ಮಾಡ್ತೀಯ? ಇದ್ದ ಮಣ್ಣೆಲ್ಲ ಸೈಟ್ ಮಾಡಿ ಮಾರಿದೀವಿ.”

“ಮಾರಿದ್ದು ಎಷ್ಟಡಿ ಅಂತ ನಿಂಗೆ ಬಾಯಿಪಾಠ. ಅದು ಎಂಥ ಮಣ್ಣು ಅಂತ ಕೇಳಿದ್ರೆ ಹೇಳ್ತೀಯಾ?”

ಬಾಲರಾಜು ಕೆಂಪು ಮಣ್ಣು ಎಂದರು. ಅದು ಕಣ್ಣಿದ್ದ ಯಾರಿಗೂ ಕಾಣುತ್ತೆ ಎಂದು ಮಗಳು ಮಹಡಿ ಹತ್ತಿ ಹೋದಳು.

ನಿಜ ಹೇಳಬೇಕೆಂದರೆ ಅವಳ ಮನಸ್ಸೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಸಂಜೆ ನೀರಿನ ಟ್ಯಾಂಕಿಗೆ ಒರಗಿ ಕೂತು ಅಮ್ಮನಿಗೆ ಫೋನ್ ಮಾಡಿ, ಓದಬೇಕಾದದ್ದು ಏನೆಂಬುದರಲ್ಲಿ ತನಗೆ ಅನುಮಾನವಿಲ್ಲ, ಆದರೆ ಎರಡು ವಾರ ಪಾಠ ಹೇಳಿದ ಮೇಡಂ ಮುಖ ನೋಡಿ ‘ಹೋಗ್ತೀನಿ’ ಅನ್ನುವುದು ಹೇಗೆ ಎಂದಳು. ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಬಾಲರಾಜು ಅವರನ್ನು ಕಾಡುತ್ತಿದ್ದದ್ದೂ ಅದೇ. ವೀಳ್ಯ, ವಂಶ, ಲಕ್ಕಣ್ಣನ ಹ್ಞೂಂ, ಎಲ್ಲವನ್ನೂ ಬದಿಗೆ ಸರಿಸಿದರೆ ಅಡಿಯಲ್ಲಿ ಉಳಿಯುತ್ತಿದ್ದದ್ದು ಇಷ್ಟು: ಅಷ್ಟು ಜನರ ಮುಂದೆ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದವರು ಈಗ ಅದೇ ಕೋಣೆಗೆ ಯಾವ ದನಿಯಲ್ಲಿ ಹೋಗುವುದು? ತಂದೆ ಮಗಳು ಇಬ್ಬರೂ ಒಂದೇ ಮುಳ್ಳು ತುಳಿದು, ಒಬ್ಬರು ಮೇಲೆ, ಒಬ್ಬರು ಕೆಳಗೆ ಕಾಲು ಹಿಡಿದು ಕೂತಿದ್ದರು.

ಮರುದಿನ ಬೆಳಿಗ್ಗೆ ಕೆರೆ ಏರಿಯ ಮೇಲೆ ಬಾಲರಾಜು ಈ ಸಂಗತಿಯನ್ನು ಬಾಲ್ಯದ ಗೆಳೆಯ ಪಿಳ್ಳಪ್ಪನ ಮುಂದೆ ಇಟ್ಟರು. ಮಗಳ ಆಸೆ ದೊಡ್ಡದೋ ಮನೆತನದ ಮಾತು ದೊಡ್ಡದೋ ಎಂಬ ಧರ್ಮಸಂಕಟದ ರೂಪ ಕೊಟ್ಟು, ನಿಧಾನವಾಗಿ, ಕಲ್ಲುಬೆಂಚಿನ ಮೇಲೆ ಕೂತು ಹೇಳಿದರು. ಪಿಳ್ಳಪ್ಪ ಷೂ ಲೇಸು ಕಟ್ಟಿಕೊಳ್ಳುತ್ತ ಪೂರ್ತಿ ಕೇಳಿದ.

“ಅಲ್ಲ ಮಗಾ, ನನ್ ಮನೆ ತಿರುವಲ್ಲಿ ಬೀದಿದೀಪ ಹಾಕಿಸ್ತೀನಿ ಅಂತ ಹೋದ್ ಯುಗಾದಿಗೆ ಮಾತು ಕೊಟ್ಟಿದ್ದೆಯಲ್ಲ. ಆ ಮಾತು ಯಾವ ಕಾಲೇಜಿಗೆ ಸೇರ್ಕೊಂಡಿದೆ?”

ಅದು ಬೇರೆ, ಇದು ಬೇರೆ ಎಂದು ಬಾಲರಾಜು ಹೇಳಿದರು. ಹೌದಪ್ಪ, ಅದಕ್ಕೆ ನೀನು ತೆಂಗಿನಕಾಯಿ ಕೊಟ್ಟಿರಲಿಲ್ಲ ಎಂದು ಪಿಳ್ಳಪ್ಪ ಇನ್ನೊಂದು ಸುತ್ತಿಗೆ ಹೊರಟ.

ಮನೆಗೆ ಬಂದರೆ ತಾಯಿ ಮುನಿವೆಂಕಟಮ್ಮ ಹಜಾರದ ನೆಲದ ಮೇಲೆ ಕಾಲು ನೀಡಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಈ ಮನೆಯ ಶಾಸ್ತ್ರಸಂಪ್ರದಾಯಗಳೆಲ್ಲ ಅವರ ಸುಪರ್ದಿನಲ್ಲಿವೆ. ಅವುಗಳಲ್ಲಿ ಅರ್ಧ ಹಿರಿಯರಿಂದ ಬಂದವು, ಮಿಕ್ಕರ್ಧ ಆಯಾ ಹೊತ್ತಿನ ಅನುಕೂಲಕ್ಕೆ ಅವರೇ ಹುಟ್ಟಿಸಿದವು ಎಂದು ಸೊಸೆ ಇಂದುವಿಗೆ ಬಹಳ ದಿನದ ಅನುಮಾನ. ನಯನಾ ಅಜ್ಜಿಯ ಪಕ್ಕದಲ್ಲಿ ಕೂತು ಸುಮ್ಮನೆ ದಂಟು ಮುರಿಯುತ್ತಿದ್ದಳು. ಹುಡುಗಿ ಎಲ್ಲವನ್ನೂ ಹೇಳಿರಬೇಕೆಂದು ಬಾಲರಾಜು ಅವರಿಗೆ ತಾಯಿಯ ಮುಖ ನೋಡಿದೊಡನೆ ಗೊತ್ತಾಯಿತು. ಅವರು ಹೋಗಿ ಸೋಫಾದ ಮೇಲೆ ಕೂತರು.

“ಲೇ ಬಾಲ,” ಎಂದರು ಮುನಿವೆಂಕಟಮ್ಮ, ಸೊಪ್ಪಿನಿಂದ ಕಣ್ಣು ತೆಗೆಯದೆ. “ನನ್ನ ಮೊದ್ಲು ಪುಟ್ಟೇನಳ್ಳಿಗೆ ಒಪ್ಕಂಡಿದ್ರು. ವೀಳ್ಯನೂ ಆಗೋಗಿತ್ತು. ಆಮ್ಯಾಕೆ ನಿಮ್ಮಪ್ಪನ ಕಡೆಯೋರು ಕೇಳ್ಕಂಡು ಬಂದ್ರು.”

ಐವತ್ತನಾಲ್ಕು ವರ್ಷದಲ್ಲಿ ಬಾಲರಾಜು ಈ ಕತೆ ಕೇಳಿದ್ದು ಇದೇ ಮೊದಲು. ಆಮೇಲೆ ಏನಾಯ್ತು ಎಂದು ಕೇಳಿದರು.

“ಏನಾಯ್ತದೆ? ನಮ್ಮಪ್ಪ ತಟ್ಟೇಲಿ ಎಲೆ ಅಡಿಕೆ ಕಾಯಿ ಇಟ್ಕಂಡು ತಾನೇ ಓದ. ಇಂಗಿಂಗಾಗೈತೆ, ಮನಸಿಗೆ ಅಚ್ಕಬೇಡಿ ಅಂತ ಕೈ ಮುಗ್ದು ಬಂದ. ಕೊಡೋವಾಗ ತಟ್ಟೆ ಇಡ್ಕಂಡು ಓದೋರು ಬಿಡಿಸ್ಕಳೋವಾಗ್ಲೂ ತಟ್ಟೆ ಇಡ್ಕಂಡೇ ಓಗ್ಬೇಕು. ಅದೇ ಶಾಸ್ತ್ರ. ಏಳ್ದೆ ಕೇಳ್ದೆ ಓದ್ರೆ ಮಾತು ಮುರ್ದಂಗೆ. ಏಳಿ ಓದ್ರೆ ಅದೂ ಒಂದು ಮಾತೇ ಕಣ್ಲಾ.”

ಇಂಥದೊಂದು ಶಾಸ್ತ್ರವನ್ನು ತಾವು ಎಲ್ಲೂ ಕೇಳಿಲ್ಲವಲ್ಲ ಎಂದು ಬಾಲರಾಜು ತಗಾದೆ ತೆಗೆದರು. ಮುನಿವೆಂಕಟಮ್ಮ ಈಗ ಮಾತ್ರ ತಲೆಯೆತ್ತಿ ಮಗನನ್ನು ನೋಡಿದರು.

“ನಮ್ಮಪ್ಪ ಪುಟ್ಟೇನಳ್ಳಿಯೋರಿಗೆ ಕೊಟ್ಟ ಮಾತು ಉಳಿಸ್ಕಂಡಿದ್ದಿದ್ರೆ, ಇವತ್ತು ಆ ಸೋಫಾ ಮ್ಯಾಲೆ ಯಾರು ಕೂತಿರೋರು, ಏಳು ನೋಡಾನ?”

ಬಾಲರಾಜು ಸೋಫಾದತ್ತ ಒಮ್ಮೆ ನೋಡಿದರು. ತಮ್ಮ ವಂಶ, ತಮ್ಮ ಮೆಂಬರ್‌ಗಿರಿ, ತಾವು ಸೋತ ಚುನಾವಣೆ, ಎಲ್ಲವೂ ತಡವಾಗಿ ಬಂದ ಒಂದು ಸಂಬಂಧದಿಂದ ಹುಟ್ಟಿದ್ದೆಂಬುದು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಕತೆ ನಿಜವೋ ಸುಳ್ಳೋ ಎಂದು ತಾಯಿಯ ಮುಖದಲ್ಲಿ ಹುಡುಕಿದರು. ಆ ಮುಖ ಮತ್ತೆ ಸೊಪ್ಪಿನ ಕಡೆ ಹೋಗಿತ್ತು.

“ನಯನಾ, ನೀನೇನಂತೀಯ?” ಎಂದು ಕೇಳಿದರು. ಈ ವಿಷಯದಲ್ಲಿ ಅವಳನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

“ಹೋಗಣ ಅಪ್ಪ. ಮೇಡಂಗೆ ನಾನೇ ಹೇಳ್ತೀನಿ. ನೀನು ಜೊತೇಲಿರು ಸಾಕು.”

ಮುನಿವೆಂಕಟಮ್ಮ ಒಂದಲ್ಲ, ಎರಡು ತಟ್ಟೆ ಜೋಡಿಸಿ ಕೊಟ್ಟರು. ಒಂದು ಬಿಡಿಸಿಕೊಳ್ಳುವ ಕಡೆಗೆ, ಇನ್ನೊಂದು ಹೊಸ ಸಂಬಂಧದ ಕಡೆಗೆ.

ದಾರಿಯುದ್ದಕ್ಕೂ ಬಾಲರಾಜು ಮನಸ್ಸಿನಲ್ಲೇ ಭಾಷಣ ಕಟ್ಟಿದರು. ವಿಧಿಯಾಟ ಎಂಬ ಪದ ಎರಡು ಕಡೆ ಬರುತ್ತಿತ್ತು. ಮೇಡಂ ನೊಂದುಕೊಂಡರೆ ಹೇಗೆ ಸಮಾಧಾನ ಹೇಳಬೇಕು, ಸಿಟ್ಟಾದರೆ ಎಷ್ಟು ತಲೆ ತಗ್ಗಿಸಬೇಕು, ಎಲ್ಲಕ್ಕೂ ಸಿದ್ಧರಾಗಿ ಕೋಣೆಯೊಳಗೆ ಹೋದರು. ಲುಬ್ನಾ ಮೇಡಂ ಒಬ್ಬರೇ ಇದ್ದರು. ಬಾಲರಾಜು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ನಯನಾ ಮುಂದೆ ಹೋಗಿ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮಣ್ಣು ವಿಜ್ಞಾನ ಸಿಕ್ಕಿದೆ, ಹೋಗಬೇಕೆಂದಿದ್ದೇನೆ, ನಿಮ್ಮ ತರಗತಿ ಬಿಡೋದಕ್ಕೆ ಬೇಜಾರಿದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಲುಬ್ನಾ ಮೇಡಂ ತಲೆದೂಗಿ, ಕಪಾಟಿನಿಂದ ಅವಳ ಅಂಕಪಟ್ಟಿಗಳ ಲಕೋಟೆಯನ್ನು ತೆಗೆದು ಮೇಜಿನ ಮೇಲಿಟ್ಟರು.

“ನಿಂಗೆ ಬೇಕಾಗಿದ್ದು ಅದೇ ಅಂತ ನಂಗೆ ಮೊದಲ್ನೇ ದಿನಾನೇ ಅನ್ಸಿತ್ತು. ನಿಮ್ಮ ತಂದೆ ಮಾತಾಡ್ತಿದ್ರೆ ನೀನು ಅಲ್ಲಿ ಹೂಕುಂಡದ ಮಣ್ಣು ಕೈಯಲ್ಲಿ ಉಜ್ಜಿ ಉಜ್ಜಿ ನೋಡ್ತಿದ್ದೆ.”

ಎಲ್ಲ ಇಷ್ಟು ಸಲೀಸಾಗಿ ಮುಗಿದದ್ದು ಬಾಲರಾಜು ಅವರಿಗೆ ಸರಿಬರಲಿಲ್ಲ. ಅವರು ಮುಂದೆ ಬಂದು, ಮೇಡಂ, ನಾವು ನಿಮಗೆ ಮಾತು ಕೊಟ್ಟಿದ್ದೆವು ಎಂದು ಶುರು ಮಾಡಿದರು. ವಿಧಿಯಾಟದವರೆಗೆ ಹೋಗಲು ಲುಬ್ನಾ ಮೇಡಂ ಬಿಡಲಿಲ್ಲ.

“ಸರ್, ಪ್ರತಿ ವರ್ಷ ಹೀಗೇ. ಎಲ್ಲಾ ಕಡೆ ಕೊನೇ ಲಿಸ್ಟ್ ಬರೋವರೆಗೂ ನಾವು ಯಾರ ಹೆಸ್ರನ್ನೂ ಪೆನ್ನಲ್ಲಿ ಬರ್ಯಲ್ಲ. ಪೆನ್ಸಿಲ್ಲೇ.”

ಇಷ್ಟು ದಿನ ತಮ್ಮ ಮನೆತನದ ಮಾತು ಪೆನ್ಸಿಲಿನಲ್ಲಿತ್ತೆಂಬುದನ್ನು ಬಾಲರಾಜು ನಿಂತಲ್ಲೇ ನುಂಗಿಕೊಂಡರು. ಈ ಸೀಟಿಗಾಗಿ ಚಿಂತಾಮಣಿಯ ಒಂದು ಹುಡುಗಿ ಕಾಯುತ್ತಿದ್ದಾಳೆ, ಇವತ್ತೇ ಫೋನ್ ಮಾಡಿದರೆ ಖುಷಿಪಡುತ್ತಾಳೆ ಎಂದೂ ಮೇಡಂ ಹೇಳಿದರು. ಆಮೇಲೆ ಸಹಿಗೆಂದು ಒಂದು ಹಾಳೆ ಮುಂದಿಟ್ಟರು. ಬಾಲರಾಜು ಜೇಬಿನ ಪೆನ್ನು ತೆಗೆದು ಗೀಚಿದರು. ಅಭ್ಯಾಸಬಲದಿಂದ ಒಮ್ಮೆ ಕೊಡವಿದರು. ಇಲ್ಲಿ ನಾಳೆ ಬನ್ನಿ ಎನ್ನುವಂತಿರಲಿಲ್ಲ, ಕೆಲಸ ತಮ್ಮದೇ. ನಯನಾ ತನ್ನ ಪೆನ್ನು ಕೊಟ್ಟಳು. ಸಹಿ ಬಿತ್ತು.

ತಟ್ಟೆಯನ್ನು ಲುಬ್ನಾ ಮೇಡಂ ಈ ಸಲವೂ ಎದ್ದು ನಿಂತೇ ತೆಗೆದುಕೊಂಡರು. “ಬಿಟ್ಟು ಹೋಗೋರು ಸಾಮಾನ್ಯವಾಗಿ ಒಂದು ಮೆಸೇಜೂ ಹಾಕಲ್ಲ ಸರ್. ನೀವು ಬಂದ್ರಿ,” ಎಂದು, ಹೋದ ಸಲದ ಕಾಯಿಯಲ್ಲಿ ತಮ್ಮ ಅಮ್ಮಿ ಒಳ್ಳೇ ಚಟ್ನಿ ಮಾಡಿದ್ದರೆಂದು ಸೇರಿಸಿದರು. ಭಾಷಣದಲ್ಲಿ ಹೇಳದೆ ಉಳಿದದ್ದಕ್ಕೆಲ್ಲ ಬಾಲರಾಜು ಅವರಿಗೆ ಅಲ್ಲೇ ಸಮಾಧಾನ ಸಿಕ್ಕಿತು.

ಹೆಬ್ಬಾಳದ ಕಡೆ ಬಂದು ವಿಶ್ವವಿದ್ಯಾಲಯದ ಒಳಗೆ ಒಂದು ಮರದಡಿ ಕಾರು ನಿಲ್ಲಿಸಿದಾಗ ಇನ್ನೂ ಸಾಕಷ್ಟು ಹೊತ್ತಿತ್ತು. ಬಾಲರಾಜು ಎರಡನೆಯ ತಟ್ಟೆಗೆ ಕೈ ಹಾಕಿದರು.

“ಅದು ಇಲ್ಲೇ ಇರ್ಲಿ ಅಪ್ಪ,” ಎಂದಳು ನಯನಾ. “ಇದನ್ನ ನಾನೇ ನೋಡ್ಕೋತೀನಿ.”

ಲಕೋಟೆ ಎದೆಗೆ ಒತ್ತಿಕೊಂಡು ಅವಳು ಒಳಗೆ ಹೋದಳು. ನಾಲ್ಕು ಹೆಜ್ಜೆ ಹೋದವಳು ಬಗ್ಗಿ, ದಾರಿಬದಿಯ ಮಣ್ಣಿನ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿ, ಕೈ ಒರೆಸಿಕೊಂಡು ಮುಂದೆ ನಡೆದಳು. ಕಾರಿನೊಳಗೆ ಬಾಲರಾಜು ಒಬ್ಬರೇ ಉಳಿದರು. ಭರವಸೆ ಕೇಳಲು ಸುತ್ತ ಒಬ್ಬರೂ ಇರಲಿಲ್ಲ. ಮೊಬೈಲು ತೆಗೆದು ಬೀದಿದೀಪದ ಕೆಲಸದವನಿಗೆ ಫೋನ್ ಹಚ್ಚಿ, ಪಿಳ್ಳಪ್ಪನ ಮನೆ ತಿರುವಿನ ವಿಷಯ ಹೇಳಿದರು. ನಾಳೆ ಬೆಳಿಗ್ಗೆ ಗ್ಯಾರಂಟಿ ಬರ್ತೀನಿ ಸಾರ್, ನಮ್ದು ಮಾತು ಅಂದ್ರೆ ಮಾತು ಎಂದ ಅವನು. ಬಾಲರಾಜು, ನಾಳೆ ತಾವೇ ಅಲ್ಲಿ ನಿಂತಿರುವುದಾಗಿ ಹೇಳಿ ಫೋನ್ ಇಟ್ಟರು.

ನಯನಾ ಹೊರಗೆ ಬಂದಾಗ ಅವಳ ಕೈಯಲ್ಲಿ ಲಕೋಟೆ ಇರಲಿಲ್ಲ, ರಸೀತಿ ಇತ್ತು. ಮುಖದಲ್ಲಿ ನಗು ಇತ್ತು. ಕಾರಿನ ಬಾಗಿಲು ತೆಗೆದರೆ ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇದ್ದವು, ಬಾಳೆಹಣ್ಣು ಇರಲಿಲ್ಲ. ಸಿಪ್ಪೆ ಇತ್ತು.

“ಏನಪ್ಪ ಇದು?”

“ಕಾಯ್ತಾ ಕೂತೋರು ಹಣ್ಣು ತಿನ್ಬೇಕಂತೆ,” ಎಂದರು ಬಾಲರಾಜು, ಕಾರಿನ ಬೀಗದ ಕೈ ತಿರುಗಿಸುತ್ತ. “ಶಾಸ್ತ್ರ.”