ಪೆಟ್ಟು ಬಿದ್ದರೆ ನೋಯುವ ಗೂಢಚಾರ

ಅಪ್ಪನಿಗೂ ಮಗಳಾದ ನನಗೂ ಒಂದೇ ಒಂದು ವಿಷಯಕ್ಕೆ ಜಗಳವಾಗುತ್ತಿತ್ತು. ಆ ಇಂಗ್ಲಿಷ್ ಗೂಢಚಾರನ ಸಿನಿಮಾಗಳಲ್ಲಿ ಯಾವ ನಟ ಚೆನ್ನ ಎಂಬುದಕ್ಕೆ. ಗೂಢಚಾರ ಒಬ್ಬನೇ, ಹೆಸರೂ ಒಂದೇ. ಕೆಲವು ವರ್ಷಗಳಿಗೊಮ್ಮೆ ಆ ವೇಷ ಹಾಕುವವನು ಮಾತ್ರ ಬದಲಾಗುತ್ತಾನೆ. ಅಪ್ಪನಿಗೆ ಹಳಬ ಬೇಕು, ನನಗೆ ಹೊಸಬ.

ನಾವು ವಿಜಯಪುರದ ಕಡೆಯವರು. ನಾನು ಹುಟ್ಟುವ ಮೊದಲೇ ಅಪ್ಪ, ಅವ್ವ ಗೋವಾಕ್ಕೆ ಬಂದು ಮಡಗಾಂವಿನ ಮೋತಿ ಡೊಂಗರ್‌ನಲ್ಲಿ, ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದರು. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಸಾವರ್ಡೆಯ ಗಣಿಗಳಲ್ಲಿ, ಅವನ ಮಾತಿನಲ್ಲಿ ಖಾಣಿಗಳಲ್ಲಿ, ಕಬ್ಬಿಣದ ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದ. ವಾರವಿಡೀ ಅಲ್ಲೇ ಇದ್ದು ಶನಿವಾರ ಮನೆಗೆ ಬಂದಾಗ ಅವನ ಹುಬ್ಬು, ಕಿವಿ, ಬನಿಯನ್ ಎಲ್ಲವೂ ಕೆಂಪು. ಬಾಗಿಲಲ್ಲೇ ನಿಲ್ಲಿಸಿ ಅವ್ವ ನೀರು ಕೊಡುತ್ತಿದ್ದಳು. ಮರುದಿನ ಊಟವಾದ ಮೇಲೆ ಕೇಬಲ್ ಟಿವಿಯಲ್ಲಿ ಹಿಂದಿಗೆ ಡಬ್ ಆದ ಗೂಢಚಾರನ ಚಿತ್ರವೇನಾದರೂ ಬಂತೆಂದರೆ ಅಕ್ಕಪಕ್ಕದವರೆಲ್ಲ ನಮ್ಮ ಕೋಣೆಯಲ್ಲೇ.

ಅಪ್ಪನ ನಟ ನಗುಮುಖದವನು. ಎತ್ತರದಿಂದ ಬಿದ್ದರೂ ಕ್ರಾಪು ಕೆಡುತ್ತಿರಲಿಲ್ಲ. ಹತ್ತು ಜನರನ್ನು ಹೊಡೆದು ಕೆಡವಿ ಟೈ ಸರಿಮಾಡಿಕೊಂಡು, ಒಂದು ತಮಾಷೆಯ ಮಾತು ಆಡಿ ಹೊರಟುಬಿಡುತ್ತಿದ್ದ. ಅಪ್ಪ ತೊಡೆ ತಟ್ಟಿ ನಗುತ್ತಿದ್ದ. ವಾರವೆಲ್ಲ ಧೂಳು ಕುಡಿದು ಬಂದವನಿಗೆ ಒಂದು ಚೂರೂ ಕೊಳೆಯಾಗದ ಆ ಬಿಳಿ ಅಂಗಿಯನ್ನು ನೋಡುವುದೇ ಒಂದು ಸುಖವಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

ನಾನು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಹೊಸ ನಟ ಬಂದ. ಮಡಗಾಂವಿನ ಹಳೆಯ ಟಾಕೀಸಿಗೆ ಅಪ್ಪನೇ ನನ್ನನ್ನು ಕರೆದುಕೊಂಡು ಹೋದ. ಇಂಟರ್ವಲ್ ಆಗುವಷ್ಟರಲ್ಲಿ ಅವನ ಮುಖ ಗಂಟಾಗಿತ್ತು.

"ಇವ ಎಂಥಾ ಹೀರೋನವ್ವ? ಮಾರಿ ನೋಡಿದ್ರ ನಮ್ಮ ಖಾಣಿ ಟಿಪ್ಪರ್ ಡ್ರೈವರ್ ಇದ್ದಂಗ ಅದಾನ" ಎಂದ.

"ನೀನೂ ಟಿಪ್ಪರ್ ಡ್ರೈವರ್ ಅಲ್ಲೇನಪ್ಪಾ?"

"ಅದಕ್ಕ ಹೇಳಾಕತ್ತೇನಿ. ನನ್ನ ಮಾರಿ ನೋಡಾಕ ನಾ ಟಿಕೀಟ ತಗಸಬೇಕೇನು?"

ನಾನು ಅಷ್ಟರಲ್ಲಿ ಆ ಹೊಸಬನಿಗೆ ಸೋತುಹೋಗಿದ್ದೆ. ಅವನಿಗೆ ಪೆಟ್ಟು ಬಿದ್ದರೆ ನೋಯುತ್ತಿತ್ತು. ಓಡಿದರೆ ಏದುಸಿರು ಬರುತ್ತಿತ್ತು. ಹೊಡೆದಾಟ ಮುಗಿದ ಮೇಲೆ ಬೆರಳಿನ ಗೆಣ್ಣುಗಳ ಮೇಲೆ ರಕ್ತ ಹಾಗೇ ಉಳಿದಿರುತ್ತಿತ್ತು. ಮುಂದಿನ ದೃಶ್ಯದಲ್ಲೂ ಆ ಗಾಯ ಅಲ್ಲೇ ಇದೆಯೋ ಎಂದು ನಾನು ಹುಡುಕುತ್ತಿದ್ದೆ, ಇರುತ್ತಿತ್ತು. ಹಳಬರು ಒಂದು ಚಿತ್ರದಲ್ಲಿ ಪ್ರೀತಿಸಿದವಳನ್ನು ಇನ್ನೊಂದರಲ್ಲಿ ಮರೆತೇ ಬಿಡುತ್ತಿದ್ದರು. ಇವನ ಹಿಂದಿನ ಚಿತ್ರದ ದುಃಖ ಮುಂದಿನ ಚಿತ್ರಕ್ಕೂ ನಡೆದುಕೊಂಡು ಬರುತ್ತಿತ್ತು. ನಗುವುದು ಅಪರೂಪ. ನಕ್ಕರೂ ಬಾಯಿಯ ಒಂದು ಮೂಲೆಯಲ್ಲಿ ಮಾತ್ರ. ನಾನು ಅದಕ್ಕೆ ಕಾಯುತ್ತಿದ್ದೆ.

ಎರಡನೆಯ ಚಿತ್ರ ಬಂದಾಗ ಅಪ್ಪ ಬರಲೇ ಇಲ್ಲ. ನಾನು ಕಾಲೇಜಿನ ಗೆಳತಿಯ ಜೊತೆ ಹೋಗಿ ನೋಡಿದೆ. ಅದು ಚೆನ್ನಾಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಥೆ ನನಗೂ ಸರಿಯಾಗಿ ತಿಳಿಯಲಿಲ್ಲ. ಆದರೆ ಮನೆಗೆ ಬಂದು ಅಪ್ಪನ ಮುಂದೆ ಭಾಳ ಹೊಗಳಿದೆ.

ಆಮೇಲೆ ಸರ್ಕಾರದ, ಕೋರ್ಟಿನ ಆದೇಶದಿಂದ ಗೋವಾದ ಗಣಿಗಳು ನಿಂತವು. ಸಾವರ್ಡೆಯ ರಸ್ತೆಬದಿಯಲ್ಲಿ ಟಿಪ್ಪರ್‌ಗಳು ಸಾಲಾಗಿ ನಿಂತು, ಚಕ್ರಗಳ ಸುತ್ತ ಹುಲ್ಲು ಬೆಳೆಯಿತು. ಅಪ್ಪ ಮನೆಯಲ್ಲಿ ಕೂತ. ಮೊದಮೊದಲು "ಇವತ್ತ ಚಾಲೂ ಆಗ್ತೈತಿ, ನಾಳಿ ಚಾಲೂ ಆಗ್ತೈತಿ" ಎನ್ನುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಅಷ್ಟು ಹೊತ್ತಿಗೆ ನನಗೆ ವೆರ್ಣಾದಲ್ಲಿ ಔಷಧ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ನಮ್ಮನ್ನು ಕರೆದೊಯ್ಯುವ ಕಂಪನಿ ಬಸ್ಸಿಗೆ ಡ್ರೈವರ್ ಬೇಕಾಗಿದೆ ಎಂದು ತಿಳಿದು ಅಪ್ಪನಿಗೆ ಹೇಳಿದೆ.

"ಹೆಣ್ಣಮಕ್ಕಳ್ನ ಕುಂಡ್ರಿಸ್ಕೊಂಡು ಬಸ್ ಓಡಿಸ್ಲಾ? ನಾ ಗುಡ್ಡ ಹೊತ್ತ್ ತಿರಗಿದಾಂವ" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಮೂರನೆಯ ಚಿತ್ರ ಬಂದದ್ದು ಆ ದಿನಗಳಲ್ಲಿ. ಅವ್ವನೇ ನನ್ನ ಕಿವಿಯಲ್ಲಿ, "ಎಲ್ಲಿಗರ ಕರಕೊಂಡ ಹೋಗವ್ವ ಅವರ್ನ. ಮನ್ಯಾಗ ಕುಂತ ಕುಂತ ಮನಷ್ಯಾ ಕರಗಾಕತ್ತಾರ" ಎಂದಳು. ಹೇಗೋ ಒಪ್ಪಿಸಿ ಕರೆದೊಯ್ದೆ. ಆ ಚಿತ್ರದಲ್ಲಿ ನನ್ನ ನಟನಿಗೆ ವಯಸ್ಸಾಗಿತ್ತು. ಗಡ್ಡ ನೆರೆತಿತ್ತು, ಹೊಡೆದ ಗುಂಡು ಗುರಿ ತಪ್ಪುತ್ತಿತ್ತು. ಇನ್ನು ಇವನ ಕಾಲ ಮುಗಿಯಿತು ಎಂದು ಆಫೀಸಿನವರು ಅವನ ಎದುರಿಗೇ ಮಾತಾಡಿಕೊಳ್ಳುತ್ತಿದ್ದರು. ನಾನು ಓರೆಗಣ್ಣಿನಲ್ಲಿ ಅಪ್ಪನನ್ನು ನೋಡಿದೆ. ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿ ಕೂತಿದ್ದ. ಇಂಟರ್ವಲ್‌ನಲ್ಲಿ ಸಮೋಸಾ ತಂದುಕೊಟ್ಟರೆ ಕೈಯಲ್ಲೇ ಇಟ್ಟುಕೊಂಡ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ತನಕ ನಡೆದೆವು. ಅಲ್ಲಿ ಅಪ್ಪ ಕೇಳಿದ: "ನಿಮ್ಮ ಕಂಪನಿ ಬಸ್ಸಿಗಿ ಡ್ರೈವರ್ ಸಿಕ್ಕನೇನು?"

"ಇನ್ನೂ ಇಲ್ಲಪ್ಪ."

"ಕೇಳಿ ನೋಡು, ಹಂಗಾದ್ರ."

ಸಿನಿಮಾ ನೋಡಿಯೇ ಅಪ್ಪನ ಮನಸ್ಸು ತಿರುಗಿತು ಎಂದು ನಾನು ಹೇಳಲಾರೆ. ಕೂತು ಬೇಸರವೂ ಬಂದಿರಬಹುದು, ಅವ್ವನ ಮುಖವನ್ನೂ ನೋಡಿರಬಹುದು. ಆದರೆ ಮುಂದಿನ ವಾರದಿಂದ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಸ್ಸಿನ ಸ್ಟೇರಿಂಗ್ ಹಿಂದೆ ಕೂತ. ನಾನು ಅವನ ಹಿಂದಿನ ಸೀಟಿನಲ್ಲಿ ಕೂತು ವೆರ್ಣಾಕ್ಕೆ ಹೋಗಿಬರುತ್ತಿದ್ದೆ. ಏರು ಬಂದಾಗ ಟಿಪ್ಪರ್ ಅಭ್ಯಾಸದಲ್ಲಿ ಗೇರ್ ಇಳಿಸಿ ಅಪ್ಪ ಗುಡುಗಿಸಿದರೆ ನಮ್ಮ ಕಡೆಯ ಹುಡುಗಿಯರೆಲ್ಲ "ಕಾಕಾ, ನಾವ್ ಅದಿರಲ್ರೀ!" ಎಂದು ಕೂಗುತ್ತಿದ್ದರು. ಅವನೂ ನಗುತ್ತಿದ್ದ. ಆ ವರ್ಷಗಳು ಈಗ ನೆನಪಾದರೆ ಎದೆ ತುಂಬುತ್ತದೆ.

ನಾಲ್ಕನೆಯ ಚಿತ್ರದ ಹೊತ್ತಿಗೆ ನನ್ನ ಮದುವೆಯಾಗಿತ್ತು. ಅಪ್ಪನೇ ಫೋನ್ ಮಾಡಿ, "ನಿಮ್ಮಾಂವ ಬಂದಾನ, ನೋಡಾಕ ಹೋಗೂಣೇನು?" ಎಂದು ಕೇಳಿದ. ಪಕ್ಕದಲ್ಲಿದ್ದ ನನ್ನ ಗಂಡ ಗಾಬರಿಯಾಗಿ ಯಾರು ಬಂದದ್ದು ಎಂದು ವಿಚಾರಿಸಿದರು.

ಕೊನೆಯ ಚಿತ್ರ ಬರುವುದು ತಡವಾಯಿತು. ಲಾಕ್‌ಡೌನ್ ಬಂತು, ಟಾಕೀಸುಗಳು ಮುಚ್ಚಿದವು. ಮತ್ತೆ ತೆರೆದಾಗ ಅಪ್ಪ ಬಸ್ ಓಡಿಸುವುದನ್ನು ಬಿಟ್ಟಿದ್ದ. ಎಂಜಿನ್ನಿನ ಸದ್ದಿನಲ್ಲಿ ಬದುಕು ಕಳೆದವನ ಕಿವಿ ಪೂರಾ ಮಂದವಾಗಿತ್ತು. ಇದೇ ಆ ನಟನ ಕೊನೆಯ ಚಿತ್ರ, ಇನ್ನು ಅವನು ಈ ವೇಷ ಹಾಕುವುದಿಲ್ಲ ಎಂದು ಹೇಳಿದ್ದಕ್ಕೆ, "ಹಂಗಾದ್ರ ಹೋಗಬೇಕವ್ವ" ಎಂದ.

ಅಂದು ಮಧ್ಯಾಹ್ನ ಸಿಕ್ಕಿದ್ದು ಇಂಗ್ಲಿಷ್ ಆಟ, ಹಿಂದಿಯದಲ್ಲ. ಅಪ್ಪನಿಗೆ ಕೇಳುವುದೂ ಇಲ್ಲ, ತಿಳಿಯುವುದೂ ಇಲ್ಲ. ನಾನು ಅವನ ಕಿವಿಗೆ ಬಾಯಿ ಹಚ್ಚಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳತೊಡಗಿದೆ. ಪಿಸುಮಾತು ಅವನಿಗೆ ಸಾಲದು. ದನಿ ಏರಿಸಿದರೆ ಮುಂದಿನವರು ತಿರುಗಿ ನೋಡಿದರು. ನಾನು ನಾಚಿ ಸುಮ್ಮನಾದೆ. ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಅಕ್ಕಾರ, ಯಾಕ ನಿಲ್ಲಿಸಿದ್ರಿ? ಹೇಳ್ರಿ, ಹೇಳ್ರಿ. ನಮಗೂ ಏನೂ ತಿಳೀವಲ್ದು."

ತಿರುಗಿ ನೋಡಿದೆ. ನಾಲ್ಕೈದು ಹುಡುಗರು, ಕಟ್ಟಡದ ಕೆಲಸದವರು, ನಮ್ಮ ಕಡೆಯವರೇ. ಅವತ್ತು ರಜೆ ಇರಬೇಕು, ತಲೆ ಬಾಚಿ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದರು. ಅವರು ಎದ್ದು ಬಂದು ನಮ್ಮ ಸಾಲಿನಲ್ಲೇ ಕೂತರು. ನಾವೆಲ್ಲ ಮೂಲೆಗೆ ಸರಿದುಕೊಂಡೆವು. ನನಗೆ ತಿಳಿದಷ್ಟು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ, ತಿಳಿಯದ ಕಡೆ ನನ್ನದೇ ಮಾತು ಸೇರಿಸಿ ಪೂರ್ತಿ ಚಿತ್ರ ಹೇಳಿದೆ. ಕೊನೆಯಲ್ಲಿ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ, ನೋಡದವರಿದ್ದಾರು. ಅಲ್ಲಿ ನಾನು ಹೇಳುವುದನ್ನು ಬಿಟ್ಟು ಪರದೆಯನ್ನೇ ನೋಡತೊಡಗಿದೆ. ಅಪ್ಪ ನನ್ನ ಮೊಣಕೈ ಮುಟ್ಟಿ, "ಇರ್ಲಿ ಬಿಡು, ತಿಳೀತು" ಎಂದ.

ಹೊರಗೆ ಆ ಹುಡುಗರು ನಮಗೆ ಚಹಾ ಕುಡಿಸಿದರು. ಅವರಲ್ಲೊಬ್ಬ ಅಪ್ಪನನ್ನು ಕೇಳಿದ: "ಕಾಕಾ, ಎಲ್ಲಾರಕಿಂತ ಯಾಂವ ಚಲೋ ಅಂತೀರಿ?"

ಅಪ್ಪನಿಗೆ ಕೇಳಿಸಲೆಂದು ನಾನು ಪ್ರಶ್ನೆಯನ್ನು ಮತ್ತೆ ಜೋರಾಗಿ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟು, "ಇವನೇ, ಖರೇ" ಎಂದ. "ಪೆಟ್ಟ ತಿಂದ್ರೂ ಡ್ಯೂಟಿಗಿ ಬರ್ತಿದ್ದ."

ಈಗ ಹೊಸ ನಟನನ್ನು ಹುಡುಕುತ್ತಿದ್ದಾರಂತೆ. ಯಾರು ಬಂದರೂ ನೋಡುತ್ತೇನೆ. ಆದರೆ ಹುಡುಗಿಯಾಗಿದ್ದಾಗಿನಿಂದ ತಾಯಿಯಾಗುವ ತನಕ ಒಬ್ಬನೇ ನಟ ನನ್ನ ಜೊತೆ ವಯಸ್ಸಾಗುತ್ತಾ ಬಂದ ಹಾಗೆ ಇನ್ನೊಬ್ಬ ಬರಲಾರ. ಕೆಲವು ಭಾನುವಾರಗಳಿಂದ ತವರಿನ ಕೋಣೆಯ ಟಿವಿಯಲ್ಲಿ ಆ ನಟನ ಚಿತ್ರಗಳನ್ನು ಮೊದಲಿನಿಂದ ಒಂದೊಂದಾಗಿ ಹಚ್ಚುತ್ತಿದ್ದೇನೆ. ಅಪ್ಪ ಸದ್ದು ತೆಗೆಸಿಬಿಡುತ್ತಾನೆ, ನೋಡಿದರೆ ಸಾಕಂತೆ.

ಕಳೆದ ವಾರ ಪಲ್ಯಕ್ಕೆ ಮೆಂತ್ಯಸೊಪ್ಪು ಸೋಸುತ್ತಾ ಅವ್ವನೂ ಕೂತಿದ್ದಳು. ಸಿನಿಮಾ ಎಂದರೆ ಆಕೆಗೆ ಅಷ್ಟಕ್ಕಷ್ಟೇ. ಬಹಳ ಹೊತ್ತು ನೋಡಿ ಒಮ್ಮೆಲೇ ಕೇಳಿದಳು: "ಅಲ್ಲ, ಇಷ್ಟ ಓಡ್ತಾನ, ಇಷ್ಟ ಬಡಿದಾಡ್ತಾನ. ಈ ಮನಷ್ಯಾ ಹೊಟ್ಟಿ ತುಂಬ ಉಂಡಿದ್ದನ್ನ ನೀವು ಯಾರರ ನೋಡೀರೇನು?"

ನಾನು ಅದನ್ನೇ ಅಪ್ಪನ ಕಿವಿಗೆ ಜೋರಾಗಿ ಹೇಳಿದೆ. ಕುಡಿಯುವುದನ್ನು ಇಬ್ಬರೂ ನೋಡಿದ್ದೆವು. ಉಣ್ಣುವುದು ನೆನಪಿಗೆ ಬರಲಿಲ್ಲ. ಅಪ್ಪ ರಿಮೋಟ್ ನನ್ನ ಕೈಗಿಟ್ಟು, "ಮೊದಲಿಂದ ಹಚ್ಚವ್ವ, ನೋಡೇಬಿಡೂಣು" ಎಂದ. ಅವ್ವ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಲೆಯ ಕಡೆ ಹೋದಳು.