ಫೆನ್ನಾ ಬಿಟ್ಟುಕೊಡದ ಗ್ಯಾರೇಜುಗಳು

ಫೆನ್ನಾ ಬೂಲೆನ್ಸ್ ಹುಟ್ಟಿದ್ದು 1951ರ ನವೆಂಬರ್ 9ರಂದು. ನಮ್ಮ ಬೀದಿಯವರು ಹತ್ತರಂದು ಎನ್ನುತ್ತಾರೆ, ಅದು ತಪ್ಪು. ಫೇನ್‌ಡಾಮ್ ಊರಿನ ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಮೇಲೆ ಆಕೆ ಕಂಪ್ಯೂಟರಿನ ಆಟವೊಂದಕ್ಕೆ ಮನಸೋತಳು. ಅದರಲ್ಲಿ ಮನೆ ಕಟ್ಟಿ, ಬೊಂಬೆಯಂಥ ಮನುಷ್ಯರಿಂದ ಸಂಸಾರ ಮಾಡಿಸಬಹುದು. ಆ ಸಂಸಾರಗಳ ಗೊಡವೆ ಆಕೆಗೆ ಬೇಕಿರಲಿಲ್ಲ. ಮನೆಗೆ ಗ್ಯಾರೇಜು ಜೋಡಿಸುವುದು, ನೆಲ ಅಗೆದು ನೆಲಮಾಳಿಗೆ ಇಳಿಸುವುದು, ಇಷ್ಟರಲ್ಲೇ ಆಕೆಯ ಸುಖ.

"ಫೆನ್ನಕ್ಕ, ಆ ಆಟದಲ್ಲಿ ಕಾರೇ ಓಡಲ್ವಲ್ಲ, ಗ್ಯಾರೇಜು ಯಾವ ಪುರುಷಾರ್ಥಕ್ಕೆ?" ಎಂದು ಎದುರು ಮನೆಯ ಖೇರ್ಟ್ ಕೆಣಕುತ್ತಿದ್ದ.

"ನಿನ್ನ ಗ್ಯಾರೇಜಲ್ಲಿ ಕಾರು ನಿಂತಿದ್ದನ್ನ ನಾನಂತೂ ಕಂಡಿಲ್ಲ ಕಣೋ!"

ಮಾತು ನಿಜ. ನಮ್ಮ ಕಡೆ ಗ್ಯಾರೇಜೆಂದರೆ ದಾರಿ. ನೆಂಟರೂ ನೆರೆಯವರೂ ಹಿಂದಿನಿಂದ ಬಂದು, ಗ್ಯಾರೇಜು ದಾಟಿ, ಕದ ತಟ್ಟದೆ ಅಡುಗೆಮನೆಗೆ ಕಾಲಿಡುತ್ತಾರೆ. ಮುಂಬಾಗಿಲ ಗಂಟೆ ಒತ್ತುವವರು ಪಾದ್ರಿ, ಪೊಲೀಸರು, ಇಲ್ಲವೇ ಏನನ್ನಾದರೂ ಮಾರಲು ಬಂದವರು.

2018ರ ಫೆಬ್ರವರಿ 6, ಮಂಗಳವಾರ, ಮನೆಗಳ ಒಡೆತನವಿದ್ದ ಸಂಸ್ಥೆ ನಮ್ಮ ಬೀದಿಯನ್ನು ಕೆಡವಿ ಹೊಸದಾಗಿ ಕಟ್ಟುವ ನಕ್ಷೆ ಕಳಿಸಿತು. ಅದರಲ್ಲಿ ಗ್ಯಾರೇಜೂ ಇರಲಿಲ್ಲ, ಹಿಂಬಾಗಿಲೂ ಇರಲಿಲ್ಲ. ಜಾಗ ಸಾಲದು ಎಂಬುದು ಸಂಸ್ಥೆಯ ಅಧಿಕಾರಿ ಫಾನ್ ವೆಸ್ಸಮ್ ಕೊಟ್ಟ ಕಾರಣ. ಬಾಡಿಗೆದಾರರಲ್ಲಿ ಬಹುಪಾಲು ಜನ ಒಪ್ಪಿ ಸಹಿ ಹಾಕದೆ ಕೆಲಸಕ್ಕೆ ಕೈಹಚ್ಚುವುದಿಲ್ಲವೆಂದು ಮಾತ್ರ ಆತ ಮಾತು ಕೊಟ್ಟಿದ್ದ.

ಫೆನ್ನಾ ಆ ನಕ್ಷೆಯನ್ನು ಅಳತೆ ತಪ್ಪದಂತೆ ಆಟದೊಳಗೆ ಕಟ್ಟಿದಳು. ಮಾರ್ಚ್ 20ರ ಬಾಡಿಗೆದಾರರ ಸಭೆಯಲ್ಲಿ ಅದನ್ನು ಪರದೆಯ ಮೇಲೆ ತೋರಿಸಿದಳು. ಪ್ರತಿ ಮನೆಯ ಕೆಳಗೆ ಆಕೆಯೇ ಸೇರಿಸಿದ ನೆಲಮಾಳಿಗೆ, ಅದರಲ್ಲಿ ಗ್ಯಾರೇಜು, ಅಲ್ಲಿಂದ ಅಡುಗೆಮನೆಗೆ ಮೆಟ್ಟಿಲು.

ಫಾನ್ ವೆಸ್ಸಮ್ ನಕ್ಕ. "ಮೇಡಂ, ಇದು ಜೌಗು ನೆಲ. ಮೂರಡಿ ಅಗೆದ್ರೆ ನೀರು. ನೆಲಮಾಳಿಗೆ ನಿಲ್ಲುತ್ತಾ ಇಲ್ಲಿ?"

"ನಿಲ್ಲಲ್ಲ ಸಾಹೇಬ್ರೇ, ಚಿಕ್ಕ ಮಕ್ಕಳಿಗೂ ಗೊತ್ತು. ಮೇಲೆ ಜಾಗ ಇಲ್ಲ ಅಂದ್ರಿ, ಅದಕ್ಕೇ ಕೆಳಗಿಳಿದೆ. ಕೆಳಗೆ ನೀರು ಅಂತೀರಿ. ಹಾಗಾದ್ರೆ ಮನೆ ಹಿಂದೆ ಇಷ್ಟಗಲ ಹುಲ್ಲು ಬಿಟ್ಟಿದೀರಲ್ಲ, ಅದನ್ನ ಯಾರು ಮೇಯ್ಬೇಕು?"

ಸಭೆ ಗೊಳ್ಳೆಂದಿತು. ಆತನ ಮುಖ ಕೆಂಪಾಯಿತು. "ಬೀದಿ ತುದೀಲಿ ಎಲ್ಲರಿಗೂ ಸೇರಿ ಒಂದು ಶೆಡ್ ಕೊಡೋಣ."

"ಕಾಫಿಗೆ ಬರೋರು ನನ್ನ ಅಡುಗೆಮನೆಗೆ ಬರ್ಬೇಕೋ, ಬೀದಿ ತುದಿಗೋ?"

ಅಂದು ಯಾರೂ ಸಹಿ ಹಾಕಲಿಲ್ಲ. ಸೆಪ್ಟೆಂಬರ್ 11ರಂದು ತಿದ್ದಿದ ನಕ್ಷೆ ಬಂತು. ಬೀದಿಯ ಎರಡು ಸಾಲುಗಳಲ್ಲಿ ಹೆಚ್ಚು ಮನೆಗಳಿದ್ದ ಸಾಲಿಗೆ ಮಾತ್ರ ಗ್ಯಾರೇಜು, ಹಿಂಬಾಗಿಲು. ಫೆನ್ನಾಳ ಮನೆ ಆ ಸಾಲಿನ ಮೊದಲನೆಯದು. ಖೇರ್ಟನದು ಇನ್ನೊಂದು ಸಾಲಿಗೆ ಬಿದ್ದಿತ್ತು.

"ಹಾಕ್ಬಿಡು ಫೆನ್ನಕ್ಕ," ಎಂದ ಖೇರ್ಟ್. "ನಿನಗಂತೂ ಸಿಕ್ತಲ್ಲ. ನಿನ್ನ ಸೂರು ಸೋರ್ತಿದೆ."

"ಸೋರ್ಲಿ, ಬಕೆಟ್ ಇಟ್ಕೋತೀನಿ. ನನ್ನ ಬಾಯಿಗೆ ಒಂದು ಗ್ಯಾರೇಜು ತುರುಕಿದ್ರೆ ಮುಚ್ಕೊಂಡಿರ್ತೀನಿ ಅಂದ್ಕೊಂಡ್ರಾ ಅವ್ರು?"

ಆಕೆ ಸಹಿ ಹಾಕಲಿಲ್ಲ. ಆಕೆ ಹಾಕದ್ದನ್ನು ಕಂಡು ಆ ಸಾಲಿನ ಉಳಿದವರೂ ಹಾಕಲಿಲ್ಲ. ಸಂಸ್ಥೆ ನಕ್ಷೆಯನ್ನು ಹಿಂದಕ್ಕೆ ಪಡೆಯಿತು. ಇಂದು, 2023ರ ಜನವರಿ 17ರಂದು, ಬೀದಿ ತನ್ನೆಲ್ಲ ಗ್ಯಾರೇಜುಗಳೊಡನೆ ಹಾಗೆಯೇ ನಿಂತಿದೆ. ಫೆನ್ನಾಳ ಮಲಗುವ ಕೋಣೆಯಲ್ಲಿ ಈಗ ಎರಡು ಬಕೆಟ್‌ಗಳಿವೆ.