ತಂತಿಯ ಮೇಲಿನ ಜಮಖಾನ

ಪರ್ತ್‌ನ ನನ್ನ ಫ್ಲ್ಯಾಟಿನಲ್ಲಿರುವ ಕ್ಯಾನ್ವಾಸ್ ಚೀಲದ ಬಕಲ್ ಬಿಚ್ಚಿದರೆ ಸಾಕು, ಹಳೆಯ ರಬ್ಬರು, ಮೇಣ, ಹ್ಯಾರಿ ಅಂಕಲ್ ಅವರ ಪೈಪಿನ ತಂಬಾಕು ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಅವರು ಪೈಪ್ ಸೇದುತ್ತಲೇ ಇರಲಿಲ್ಲ ಎನ್ನುತ್ತಾಳೆ ಅಮ್ಮ. ಇರಬಹುದು. ವಾಸನೆಯಂತೂ ಬರುತ್ತದೆ. ನೀವೂ ಇಂಥದ್ದೇನನ್ನೋ ಎತ್ತಿಟ್ಟಿರುತ್ತೀರಿ.

ಚೀಲದಲ್ಲಿರುವುದು ಹಿಡಿಕೆ ತಿರುಗಿಸಿ ಗಂಟೆ ಬಾರಿಸುವ ಸೈನ್ಯದ ಟೆಲಿಫೋನು. ನಾವು ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿದ್ದಾಗ, ನನಗೆ ಒಂಬತ್ತೋ ಹತ್ತೋ ವರ್ಷ, ಬೇಲಿಯಾಚೆಯ ಮನೆಯಲ್ಲಿ ಹ್ಯಾರಿ ಅಂಕಲ್ ಒಬ್ಬರೇ ಇದ್ದರು. ಬ್ರಿಟಿಷ್ ಸೈನ್ಯದಲ್ಲಿ ಮೊದಲು ಇಂಜಿನಿಯರಾಗಿ ಸೇತುವೆ ಕಟ್ಟಿ, ಆಮೇಲೆ ಸಿಗ್ನಲ್ಸ್ ವಿಭಾಗದಲ್ಲಿ ಟೆಲಿಫೋನ್ ತಂತಿ ಎಳೆಸಿ, ಮೇಜರಾಗಿ ನಿವೃತ್ತರಾದವರು. ಅವರ ಕತೆಯಲ್ಲಿ ಒಂದೇ ಸೇತುವೆ ಒಂದು ದಿನ ಕಾಡಿನಲ್ಲಿರುತ್ತಿತ್ತು, ಇನ್ನೊಂದು ದಿನ ಮರಳುಗಾಡಿನಲ್ಲಿ. ನನಗೆ ಎರಡೂ ಒಪ್ಪಿಗೆಯಾಗಿತ್ತು. ಎಂಬತ್ತು ದಾಟಿದ ಅಪ್ಪ ಒಂಟಿಯಾಗಿರುವುದು ಮಗಳು ಲಿಂಡಾಗೆ ಇಷ್ಟವಿರಲಿಲ್ಲ. ತನ್ನ ಊರು ಬ್ರಿಸ್ಬೇನಿನ ವೃದ್ಧಾಶ್ರಮದಲ್ಲಿ ಕೋಣೆ ನೋಡಿಟ್ಟಿದ್ದಳು. ಅದರಿಂದ ತಪ್ಪಿಸಿಕೊಳ್ಳಲು ಅಂಕಲ್ ತಮ್ಮ ಅಡುಗೆಮನೆಯಿಂದ ನಮ್ಮ ಅಡುಗೆಮನೆಗೆ ತಂತಿ ಎಳೆದು, ಎರಡೂ ಕಡೆ ಇಂಥ ಫೋನಿಟ್ಟರು. ಬೆಳಿಗ್ಗೆ ಏಳಕ್ಕೆ ಲೈನ್ ಟೆಸ್ಟ್. ಗಂಟೆ ಬಾರಿಸಿದರೆ ಅವರು ಎದ್ದಿದ್ದಾರೆ. ಇಲ್ಲದಿದ್ದರೆ ನಾವು ಓಡಬೇಕು. ಮೊಬೈಲ್ ಇದೆಯಲ್ಲ ಎಂದು ನಮ್ಮಪ್ಪ ಕೇಳಿದ್ದಕ್ಕೆ, ಅದರ ತಂತಿ ಎಲ್ಲಿದೆ ತೋರಿಸು ಎಂದರಂತೆ.

ಈ ಏರ್ಪಾಟನ್ನು ಕಣ್ಣಾರೆ ನೋಡಲು ಲಿಂಡಾ ಬಂದಳು. ಒಂದು ಬೆಳಿಗ್ಗೆ ತಾನಿಳಿದಿದ್ದ ಹೋಟೆಲಿನಿಂದ ನೇರ ನಮ್ಮ ಅಡುಗೆಮನೆಗೆ ಬಂದು ಕಾಫಿ ಹಿಡಿದು ಕೂತಳು. ಏಳಾಯಿತು. ಏಳೂ ಐದಾಯಿತು. ಗಂಟೆಯಿಲ್ಲ.

"ಅಯ್ಯೋ, ಅಂಕಲ್ ರಿಂಗ್ ಮಾಡ್ಲಿಲ್ವಲ್ಲೇ! ಓಡೇ, ಚಪ್ಪಲಿ ಆಮೇಲೆ ಹಾಕ್ಕೊಳ್ಳುವಂತೆ!"

ಅಮ್ಮ ನೈಟಿಯಲ್ಲೇ, ದೋಸೆ ಸೌಟಿನ ಸಮೇತ ಓಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಲಿಂಡಾ. ಅಂಕಲ್ ಬೇಲಿಯ ಬುಡದಲ್ಲಿ ಮಂಡಿಯೂರಿ ಹರಿದ ತಂತಿಗೆ ಗಂಟು ಹಾಕುತ್ತಿದ್ದರು. ಪಕ್ಕದಲ್ಲಿ ನಮ್ಮ ಜಮಖಾನ ಬಿದ್ದಿತ್ತು. ಮೈಸೂರಿನಿಂದ ಹೊತ್ತು ತಂದಿದ್ದನ್ನು ಒಗೆದು, ಬಟ್ಟೆ ಹಗ್ಗದಲ್ಲಿ ಜಾಗವಿಲ್ಲವೆಂದು ಅಮ್ಮ ಹಿಂದಿನ ದಿನ ಮೇಜರ್ ಸಾಹೇಬರ ತಂತಿಯ ಮೇಲೆ ಹರವಿದ್ದಳು!

"ನನ್ನ ಲೈನನ್ನು ಮೇಕೆ ಕಡಿದಿದೆ, ಅದರ ಮೇಲೆ ಟ್ಯಾಂಕ್ ಹರಿದಿದೆ," ಅಂಕಲ್ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು, ಖುಷಿಯಿಂದ ಮುಖ ಕೆಂಪಾಗಿತ್ತು. "ಕಾರ್ಪೆಟ್ಟಿನಿಂದ ಹೋದದ್ದು ಇದೇ ಮೊದಲು."

"ಸಾರಿ ಅಂಕಲ್," ಅಮ್ಮ ಅಳುವಂತಾದಳು.

ಲಿಂಡಾ ಸೌಟಿನಿಂದ ತೊಟ್ಟಿಕ್ಕುತ್ತಿದ್ದ ಹಿಟ್ಟನ್ನೂ ನನ್ನ ಬರಿಗಾಲನ್ನೂ ನೋಡಿದಳು. "ಡ್ಯಾಡ್, ನಿನ್ನ ಫೋನು ದಂಡ," ಎಂದಳು. "ಬ್ರಿಸ್ಬೇನ್ ಬೇಡ, ನೀನು ಇಲ್ಲೇ ಇರು."

ಅದು ಜಮಖಾನವಲ್ಲ, ಬರೀ ಬೆಡ್‌ಶೀಟು ಎಂದು ಅಮ್ಮ ಈಗ ವಾದಿಸುತ್ತಾಳೆ. ಬೆಡ್‌ಶೀಟಿಗೆಲ್ಲ ಸೈನ್ಯದ ತಂತಿ ಹರಿಯುತ್ತದೆಯೇ? ನಾನು ಬಿಟ್ಟುಕೊಡುವುದಿಲ್ಲ.

ಆಮೇಲೆ ಮೂರು ವರ್ಷ, ಅಥವಾ ನಾಲ್ಕು, ಏಳಕ್ಕೆ ಸರಿಯಾಗಿ ಗಂಟೆ ಬಾರಿಸುತ್ತಿತ್ತು. ಒಂದು ಬೆಳಿಗ್ಗೆ ಬಾರಿಸಲಿಲ್ಲ. ನಾನು ಓಡುತ್ತಲೇ ತಂತಿಯ ಮೇಲೆ ಬಟ್ಟೆ ಹುಡುಕಿದೆ. ಏನೂ ಇರಲಿಲ್ಲ. ಅಂಕಲ್ ಹಾಕಿದ್ದ ಗಂಟಿನ ಸಮೇತ ತಂತಿ ಬಿಗಿಯಾಗಿ, ನೆಟ್ಟಗೆ ಇತ್ತು.